ಒಂದು ಅನಾಮಿಕ ಸಮಾಧಿ, ಇಬ್ಬರು ಗನ್ನರುಗಳು: ಬಾಂಬರ್ ವಿಮಾನದ ಹುಡುಗನೊಬ್ಬನ ಸ್ಮಾರಕದ ಪ್ರಕರಣ ಅಧ್ಯಯನ

ಹಿನ್ನೆಲೆ

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಬಾಂಬರ್ ಕಮಾಂಡ್ (ವಾಯುಪಡೆಯ ಬಾಂಬರ್ ವಿಮಾನಗಳ ವಿಭಾಗ) ಪರವಾಗಿ ಹಾರಿದವರು ಸುಮಾರು 1,25,000 ಮಂದಿ. ಅವರಲ್ಲಿ 55,573 ಮಂದಿ ಸತ್ತರು, ಅಂದರೆ ನೂರಕ್ಕೆ ನಲವತ್ತನಾಲ್ಕು. ಬಹುಪಾಲು ಇಪ್ಪತ್ತರ ಆಸುಪಾಸಿನ ಹುಡುಗರು. ಎಷ್ಟೋ ಮಂದಿಗೆ ಮದುವೆಯೇ ಆಗಿರಲಿಲ್ಲ. ಹಾಗಾಗಿ ಎಂಬತ್ತು ವರ್ಷಗಳ ಮೇಲೆ ಅವರ ಹೆಸರಿನಲ್ಲಿ ಏನಾದರೂ ಮಾಡಬೇಕೆಂದು ಹೊರಡುವವರು ತಮ್ಮನ ಮಗನೋ, ಅಕ್ಕನ ಮೊಮ್ಮಗಳೋ, ಇಲ್ಲವೇ ವಿಮಾನ ಬಿದ್ದ ಊರಿನವರೋ ಆಗಿರುತ್ತಾರೆ. ಸತ್ತವನನ್ನು ಕಣ್ಣಾರೆ ಕಂಡವರು ಉಳಿದಿರುವುದಿಲ್ಲ. ಇರುವುದು ಒಂದು ಫೋಟೊ, ಒಂದು ತಂತಿ ಸಂದೇಶ, ಮನೆಯಲ್ಲಿ ಹೇಳುತ್ತಾ ಬಂದ ನಾಲ್ಕು ಮಾತು.

ಈ ಪ್ರಕರಣ ಅಂಥ ಒಬ್ಬ ಹುಡುಗನದು. ಗುರುತು ಸಿಗಬಾರದೆಂದು ಅವನ ಹೆಸರು, ಸ್ಕ್ವಾಡ್ರನ್, ವಿಮಾನದ ಸಂಖ್ಯೆ, ಊರು, ದಾಳಿಯ ರಾತ್ರಿ ಎಲ್ಲವನ್ನೂ ಬಿಡಲಾಗಿದೆ. ಕೆಲವು ಚಿಕ್ಕ ವಿವರಗಳನ್ನು ಬದಲಿಸಲಾಗಿದೆ. ಹುಡುಗ ಉತ್ತರ ಇಂಗ್ಲೆಂಡಿನ ಒಂದು ಗಿರಣಿ ಪಟ್ಟಣದವನು. ಲ್ಯಾಂಕಾಸ್ಟರ್ ವಿಮಾನದಲ್ಲಿ ಮಿಡ್-ಅಪ್ಪರ್ ಗನ್ನರ್, ಅಂದರೆ ವಿಮಾನದ ಬೆನ್ನ ಮೇಲಿನ ತಿರುಗುವ ಬಂದೂಕು ಗೂಡಿನಲ್ಲಿ (ಟರೆಟ್) ಕೂತು ಸುತ್ತ ಕಾಯುವವನು. ದರ್ಜೆ ಸಾರ್ಜೆಂಟ್. 1943ರ ಜೂನಿನಲ್ಲಿ ಜರ್ಮನಿಯ ರೂರ್ ಪ್ರದೇಶದ ಕೈಗಾರಿಕಾ ನಗರವೊಂದರ ಕಡೆಗೆ ಹೊರಟ ಆ ವಿಮಾನ, ನೆದರ್ಲೆಂಡ್ಸ್‌ನ ದಕ್ಷಿಣದ ಒಂದು ಹಳ್ಳಿಯ ಹೊಲಗಳ ಮೇಲೆ ಬಿತ್ತು.

ಆ ತಿಂಗಳ ರಾತ್ರಿಗಳು ಹೇಗಿದ್ದವು ಎಂಬುದಕ್ಕೆ ಒಂದು ಉದಾಹರಣೆ ಸಾಕು. ಜೂನ್ 21/22ರ ರಾತ್ರಿ ಕ್ರೆಫೆಲ್ಡ್ ನಗರದ ಮೇಲೆ 705 ವಿಮಾನಗಳು ಹೋದವು, 44 ಮರಳಲಿಲ್ಲ. ನೆಲದ ಮೇಲೆ ಸತ್ತ ನಗರವಾಸಿಗಳು ಸಾವಿರಕ್ಕೂ ಹೆಚ್ಚು. ರೂರ್ ಕಡೆ ಹೋಗುವ ದಾರಿ ನೆದರ್ಲೆಂಡ್ಸ್ ಮೇಲೆಯೇ ಹಾದುಹೋಗುತ್ತಿತ್ತು. ಜರ್ಮನ್ ರಾತ್ರಿ ಫೈಟರುಗಳು ಕಾಯುತ್ತಿದ್ದುದೂ ಅಲ್ಲೇ. ಹೀಗಾಗಿ ಆ ದೇಶದ ಎಷ್ಟೋ ಹಳ್ಳಿಗಳ ಸ್ಮಶಾನದಲ್ಲಿ ಬಿಳಿ ಕಲ್ಲುಗಳ ಒಂದು ಸಾಲು ಇವತ್ತಿಗೂ ಇದೆ. ಈ ಹಳ್ಳಿಯಲ್ಲೂ ಇದೆ. ಅದರ ಕೊನೆಯ ಕಲ್ಲಿನ ಮೇಲೆ ಹೆಸರಿಲ್ಲ. ಬರೀ ‘1939–1945ರ ಯುದ್ಧದ ಒಬ್ಬ ವಾಯುಯೋಧ’ ಎಂದಿದೆ, ಕೆಳಗೆ ‘ದೇವರಿಗೆ ಮಾತ್ರ ಗೊತ್ತು’ ಎಂಬ ಸಾಲು.

ಏನು ಬೇಕಿತ್ತು, ಕೈಯಲ್ಲಿ ಏನಿತ್ತು

ಕೆಲಸ ಎರಡು ಕಡೆಯಿಂದ ಶುರುವಾಯಿತು. ಹಳ್ಳಿಯಲ್ಲಿ ಒಂದು ಸ್ಥಳೀಯ ಇತಿಹಾಸ ಸಮಿತಿ, ಇಂಗ್ಲೆಂಡಿನಲ್ಲಿ ಆ ಹುಡುಗನ ತಮ್ಮನ ಮಗ. ಇಬ್ಬರಿಗೂ ಮೂರು ಆಸೆ. ಹೆಸರಿಲ್ಲದ ಕಲ್ಲಿನ ಮೇಲೆ ಅವನ ಹೆಸರು ಬರಬೇಕು. ವಿಮಾನ ಬಿದ್ದ ಜಾಗದಲ್ಲಿ ಒಂದು ಮಾಹಿತಿ ಫಲಕ ಆಗಬೇಕು. ಅವನ ಹುಟ್ಟೂರಿನ ಯುದ್ಧ ಸ್ಮಾರಕದಲ್ಲಿ ಬಿಟ್ಟುಹೋದ ಹೆಸರನ್ನು ಸೇರಿಸಬೇಕು.

ಕೈಯಲ್ಲಿದ್ದ ಸಂಗತಿಗಳೂ ಬಹಳ ಚೊಕ್ಕವಾಗಿದ್ದವು. ವಿಮಾನದಲ್ಲಿದ್ದವರು ಏಳು ಮಂದಿ. ಆ ಹುಡುಗನಿಗೆ ಅದು ಮೂವತ್ತನೆಯ ಹಾರಾಟ, ಮುಗಿಸಿದ್ದರೆ ಮನೆಗೆ ಹೋಗುತ್ತಿದ್ದ. ಪೈಲಟ್ ಉರಿಯುವ ವಿಮಾನವನ್ನು ಹಳ್ಳಿಯ ಶಾಲೆಯ ಮೇಲೆ ಬೀಳದಂತೆ ತಿರುಗಿಸಿ ಪ್ರಾಣ ಬಿಟ್ಟ. ಸಾಲಿನ ಕೊನೆಯ ಕಲ್ಲು ಈ ಹುಡುಗನದೇ. ಇದೇ ಅವನ ಫೋಟೊ. ಹಳ್ಳಿಯವರು ಕೆಲವು ವರ್ಷಗಳಿಂದ ಆ ಫೋಟೊವನ್ನು ಹೆಸರಿಲ್ಲದ ಕಲ್ಲಿನ ಮುಂದೆ ಇಟ್ಟು ಹೂವಿಡುತ್ತಿದ್ದರು.

ಈ ಐದು ಮಾತುಗಳಲ್ಲಿ ನಾಲ್ಕು ತಪ್ಪು ಎಂದು ಆಮೇಲೆ ಗೊತ್ತಾಯಿತು. ಉಳಿದ ಒಂದು, ಕೊನೆಯ ಕಲ್ಲಿನದು, ಸರಿಯೋ ತಪ್ಪೋ ಹೇಳುವಂತಿಲ್ಲ ಎಂದಾಯಿತು. ಯಾರೂ ಬೇಕೆಂದು ಸುಳ್ಳು ಹೇಳಿರಲಿಲ್ಲ. ಪ್ರೀತಿಯಿಂದ ಕಾಪಾಡಿಕೊಂಡು ಬಂದ ಮಾತುಗಳೇ ಅವು, ಅದಕ್ಕೇ ಅವನ್ನು ಪ್ರಶ್ನಿಸುವುದು ಕಷ್ಟವಾಗಿತ್ತು.

ಮೊದಲ ತಿರುವು: ವಾಕ್ಯಕ್ಕೊಂದು ದಾಖಲೆ

ಫಲಕದ ಕರಡು ಸಿದ್ಧವಾಗಿ ಮುದ್ರಣಕ್ಕೆ ಹೋಗುವುದರಲ್ಲಿತ್ತು. ಆಗ ಸಮಿತಿಯ ಒಬ್ಬ ಸದಸ್ಯರು, ನಿವೃತ್ತ ಸರ್ವೇಯರ್, ಒಂದು ಪಟ್ಟಿ ಮಾಡಿದರು. ಎಡಗಡೆ ಕರಡಿನ ಒಂದೊಂದು ವಾಕ್ಯ, ಬಲಗಡೆ ಅದಕ್ಕೆ ಆಧಾರವಾದ ಕಾಗದ. ಬಲಗಡೆ ಖಾಲಿ ಉಳಿದರೆ ಆ ವಾಕ್ಯ ಫಲಕಕ್ಕಿಲ್ಲ ಎಂಬುದು ಷರತ್ತು. ಸಭೆಯಲ್ಲಿ ಗೊಣಗಾಟವಾಯಿತು, ಆದರೂ ಒಪ್ಪಿದರು. ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಫಲ ಕೊಟ್ಟ ನಿರ್ಧಾರ ಇದೇ.

ಮೊದಲು ನೋಡಿದ್ದು ಯುದ್ಧಮೃತರ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ದಾಖಲೆ. ಅದರಲ್ಲಿ ಹೆಸರು, ಸೇವಾ ಸಂಖ್ಯೆ, ದರ್ಜೆ, ತೀರಿಕೊಂಡ ದಿನ, ತಂದೆತಾಯಿಯ ಹೆಸರು ಸಿಗುತ್ತದೆ. ಇಲ್ಲಿ ಎರಡು ಎಚ್ಚರ ಬೇಕು. ವಯಸ್ಸು, ಊರು ಮುಂತಾದ ಹೆಚ್ಚುವರಿ ವಿವರಗಳು ಯುದ್ಧಾನಂತರ ಮನೆಯವರು ತುಂಬಿ ಕಳಿಸಿದ ನಮೂನೆಯಿಂದ ಬಂದವು. ಜನನ ಪ್ರಮಾಣಪತ್ರದ ಜೊತೆ ಹೋಲಿಸಿಯೇ ಬಳಸಬೇಕು. ಇನ್ನು ರಾತ್ರಿ ದಾಳಿಗೆ ಸಾಮಾನ್ಯವಾಗಿ ಎರಡು ತಾರೀಕು. ಹೊರಟದ್ದು ಹನ್ನೆರಡಕ್ಕೆ ಮುಂಚೆ, ಬಿದ್ದದ್ದು ಹನ್ನೆರಡರ ಮೇಲೆ. ಸ್ಕ್ವಾಡ್ರನ್ ಪುಸ್ತಕ ಹೊರಟ ದಿನವನ್ನು ಬರೆದರೆ ಹಳ್ಳಿಯ ಪುಸ್ತಕ ಬಿದ್ದ ದಿನವನ್ನು ಬರೆಯುತ್ತದೆ. ಸಮಾಧಿ ಕಲ್ಲಿನಲ್ಲಿ ಯಾವುದಿದೆಯೋ ಅದನ್ನು ಉಳಿಸಿಕೊಂಡು, ಫಲಕದಲ್ಲಿ ‘ಇಂಥ ರಾತ್ರಿ’ ಎಂದು ಎರಡೂ ತಾರೀಕು ಕೊಟ್ಟರೆ ಗೊಂದಲವಿರುವುದಿಲ್ಲ.

ಎರಡನೆಯದು ಸ್ಕ್ವಾಡ್ರನ್ನಿನ ಆಪರೇಷನ್ಸ್ ರೆಕಾರ್ಡ್ ಬುಕ್. ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಎಐಆರ್ 27 ಸರಣಿಯಲ್ಲಿದೆ. ಅದರಲ್ಲಿ ಎರಡು ನಮೂನೆ: 540ರಲ್ಲಿ ದಿನದ ಸಾರಾಂಶ, 541ರಲ್ಲಿ ಪ್ರತಿ ವಿಮಾನದ ಸಂಖ್ಯೆ, ಸಿಬ್ಬಂದಿ, ಹೊರಟ ಹೊತ್ತು, ಮರಳಿದ ಹೊತ್ತು. ಸಾಮಾನ್ಯವಾಗಿ ಜನ ಸತ್ತ ರಾತ್ರಿಯ ಪುಟ ಒಂದನ್ನೇ ತರಿಸಿಕೊಳ್ಳುತ್ತಾರೆ. ಇಲ್ಲಿ ಆ ಹುಡುಗ ಸ್ಕ್ವಾಡ್ರನ್ ಸೇರಿದ ದಿನದಿಂದ 541ನೇ ನಮೂನೆಯ ಎಲ್ಲ ಪುಟಗಳನ್ನೂ ಓದಿಸಲಾಯಿತು. ಅವನ ಹೆಸರು ಬಂದದ್ದು ಐದು ಸಲ. ಮೂವತ್ತು ಹಾರಾಟಕ್ಕೆ ಒಂದು ಸರದಿ ಮುಗಿಯುತ್ತಿತ್ತು ಎಂಬುದು ನಿಜ, ಆದರೆ ಈ ಹುಡುಗ ಅದರ ಹತ್ತಿರಕ್ಕೂ ಬಂದಿರಲಿಲ್ಲ. ಅದೇ ಪುಟದಲ್ಲಿ ವಿಮಾನದಲ್ಲಿದ್ದವರು ಏಳಲ್ಲ, ಎಂಟು ಎಂಬುದೂ ಕಂಡಿತು. ಎಂಟನೆಯವನು ಎರಡನೇ ಪೈಲಟ್. ಹೊಸದಾಗಿ ಬಂದ ಪೈಲಟ್‌ಗಳನ್ನು ತಮ್ಮದೇ ತಂಡದೊಡನೆ ಕಳಿಸುವ ಮೊದಲು ಅನುಭವಸ್ಥರ ಜೊತೆ ಒಂದೆರಡು ಸಲ ಹಾರಿಸುತ್ತಿದ್ದರು. ‘ಸೆಕೆಂಡ್ ಡಿಕಿ’ ಎಂದು ಕರೆಯುತ್ತಿದ್ದರು. ಲ್ಯಾಂಕಾಸ್ಟರ್ ಎಂದರೆ ಏಳು ಜನ ಎಂಬ ಲೆಕ್ಕದ ಮೇಲೆ ಪಟ್ಟಿ ಮಾಡಿದರೆ ಹೀಗೆ ಒಬ್ಬ ಬಿಟ್ಟುಹೋಗುತ್ತಾನೆ. ಸ್ಮಶಾನದಲ್ಲಿ ಅವನ ಹೆಸರಿನ ಕಲ್ಲು ಇದ್ದೇ ಇತ್ತು. ಬೇರೆ ವಿಮಾನದವನಿರಬೇಕೆಂದು ಹಳ್ಳಿಯವರು ಅವನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಫೋಟೊ ವಿಷಯ ಇನ್ನೂ ನೋವಿನದು. ದೊಡ್ಡದು ಮಾಡಿಸಿ ನೋಡಿದಾಗ ಎದೆಯ ಮೇಲಿನ ಒಂಟಿ ರೆಕ್ಕೆಯ ಬ್ಯಾಡ್ಜ್‌ನ ವೃತ್ತದಲ್ಲಿ ‘ಇ’ ಅಕ್ಷರ ಕಾಣಿಸಿತು. ಅದು ಫ್ಲೈಟ್ ಇಂಜಿನಿಯರ್‌ನ ಗುರುತು. ಗನ್ನರ್ ಆದರೆ ‘ಎಜಿ’ ಇರಬೇಕು. ಮನೆಯವರು ಹಳೆಯ ಆಲ್ಬಂ ಮತ್ತೆ ತೆಗೆದು ನೋಡಿದರು. ಅದು ಯುದ್ಧದಿಂದ ಮರಳಿ ಬಂದು ಬಹಳ ಕಾಲ ಬಾಳಿದ ಸೋದರಸಂಬಂಧಿಯ ಚಿತ್ರ. ನಿಜವಾದ ಫೋಟೊ ಅಕ್ಕನ ಮನೆತನದ ಕಡೆ ಸಿಕ್ಕಿತು: ಟೋಪಿಯ ಮುಂಭಾಗದಲ್ಲಿ ಬಿಳಿ ಪಟ್ಟಿ ಸಿಕ್ಕಿಸಿದ, ಇನ್ನೂ ತರಬೇತಿಯಲ್ಲಿರುವ ಹುಡುಗ. ಆ ಬಿಳಿ ಪಟ್ಟಿ ವಿಮಾನ ಸಿಬ್ಬಂದಿಯ ತರಬೇತಿಯ ಗುರುತು. ಯಾವ ಫೋಟೊವನ್ನೇ ಆಗಲಿ ಮುದ್ರಿಸುವ ಮುಂಚೆ ಬ್ಯಾಡ್ಜ್, ತೋಳಿನ ಪಟ್ಟಿ, ಟೋಪಿ ಮೂರನ್ನೂ ಸೇವಾ ದಾಖಲೆಯೊಂದಿಗೆ ತಾಳೆ ನೋಡಬೇಕು.

ಎರಡನೇ ತಿರುವು: ಕೊಟ್ಟಿಗೆಯ ತಗಡು

ಆ ರಾತ್ರಿ ಹಳ್ಳಿಯ ಸುತ್ತ ಬಿದ್ದದ್ದು ಒಂದಲ್ಲ, ಎರಡು ಲ್ಯಾಂಕಾಸ್ಟರ್. ಒಂದು ಪಶ್ಚಿಮದಲ್ಲಿ, ಇನ್ನೊಂದು ಪೂರ್ವದಲ್ಲಿ, ಎರಡರ ನಡುವೆ ಸುಮಾರು ಮೂರು ಕಿಲೊಮೀಟರ್. ಯಾವುದು ಯಾವ ಸ್ಕ್ವಾಡ್ರನ್ನಿನದು ಎಂಬುದನ್ನು ಇಷ್ಟು ವರ್ಷ ಯಾರೂ ಗಟ್ಟಿಯಾಗಿ ಪರೀಕ್ಷಿಸಿರಲಿಲ್ಲ.

ಇಲ್ಲಿ ನೆರವಾದದ್ದು ಸಿಬ್ಬಂದಿಯಲ್ಲಿದ್ದ ಒಬ್ಬ ಆಸ್ಟ್ರೇಲಿಯನ್. ದಾರಿ ಲೆಕ್ಕಹಾಕುವ ನ್ಯಾವಿಗೇಟರ್ ರಾಯಲ್ ಆಸ್ಟ್ರೇಲಿಯನ್ ಏರ್ ಫೋರ್ಸ್‌ನವನು. ಬ್ರಿಟಿಷ್ ಸಾವುನೋವು ಕಡತಗಳು ಎಐಆರ್ 81 ಸರಣಿಯಲ್ಲಿ ಕಂತುಕಂತಾಗಿ ಹೊರಬರುತ್ತಿವೆ. ಆದರೆ ಆಸ್ಟ್ರೇಲಿಯನ್ನರ ಕಡತಗಳು ಅವರ ನ್ಯಾಷನಲ್ ಆರ್ಕೈವ್ಸ್‌ನ ಎ705 ಸರಣಿಯಲ್ಲಿವೆ. ಅವುಗಳಲ್ಲಿ ಬಹಳಷ್ಟನ್ನು ಮನೆಯಲ್ಲೇ ಕೂತು ಓದಬಹುದು. ಕೆನಡಾದವರಿದ್ದರೆ ಅಲ್ಲಿನ ಯುದ್ಧಮೃತರ ಸೇವಾ ಕಡತಗಳೂ ತೆರೆದಿವೆ. ಒಬ್ಬನ ಕಡತದಲ್ಲಿ ಇಡೀ ತಂಡದ ವಿಷಯ ಇರುತ್ತದೆ: ಜರ್ಮನ್ನರು ಜಿನೀವಾದ ರೆಡ್‌ಕ್ರಾಸ್ ಮೂಲಕ ಕಳಿಸಿದ ಮೃತರ ಪಟ್ಟಿ, ಬದುಕಿ ಮರಳಿದವರ ಹೇಳಿಕೆ, ಯುದ್ಧದ ನಂತರ ಸಮಾಧಿ ಅಗೆದು ಪರೀಕ್ಷಿಸಿದ ವರದಿ, ಕೆಲವೊಮ್ಮೆ ಇಂಜಿನುಗಳ ಸಂಖ್ಯೆ ಕೂಡ. ಹಾಗಾಗಿ ಹುಡುಕಾಟವನ್ನು ನಿಮ್ಮವನಿಂದಲೇ ಶುರುಮಾಡಬೇಕಿಲ್ಲ; ತಂಡದಲ್ಲಿ ಆಸ್ಟ್ರೇಲಿಯನ್ ಅಥವಾ ಕೆನಡಿಯನ್ ಯಾರಾದರೂ ಇದ್ದಾರೆಯೇ ಎಂದು ಮೊದಲು ನೋಡಿ.

ಈ ಕಡತದಲ್ಲಿ ನಾಲ್ಕು ಮರ್ಲಿನ್ ಇಂಜಿನುಗಳ ಸಂಖ್ಯೆ ಇತ್ತು. ಪಶ್ಚಿಮದ ಹೊಲದ ರೈತರೊಬ್ಬರ ಕೊಟ್ಟಿಗೆಯಲ್ಲಿ ತಾತನ ಕಾಲದಿಂದ ಒಂದು ಇಂಜಿನ್ ತಗಡು ಮೊಳೆಗೆ ತೂಗಿಕೊಂಡಿತ್ತು. ಬಣ್ಣ ಬಳಿದುಕೊಂಡಿದ್ದ ಆ ತಗಡನ್ನು ಉಜ್ಜಲು ಯಾರಿಗೂ ಬಿಡಲಿಲ್ಲ. ಪಕ್ಕದಿಂದ ಓರೆಯಾಗಿ ಟಾರ್ಚ್ ಬೆಳಕು ಬಿಟ್ಟು ಫೋಟೊ ತೆಗೆದರು. ಒತ್ತಿದ ಅಂಕಿಗಳ ನೆರಳು ಎದ್ದು ಕಂಡಿತು. ಸಂಖ್ಯೆ ಕಡತದೊಂದಿಗೆ ಕೂಡಿತು. ಪಶ್ಚಿಮದ ಅವಶೇಷ ಈ ಹುಡುಗನ ವಿಮಾನದ್ದು ಎಂದು ಖಚಿತವಾಯಿತು. ಹಳ್ಳಿಯವರು ಫಲಕಕ್ಕೆ ಗೊತ್ತುಮಾಡಿದ್ದ ಜಾಗ ಪೂರ್ವದ್ದು.

ವಿಮಾನ ಹೋಗುವಾಗ ಬಿತ್ತೋ ಬರುವಾಗ ಬಿತ್ತೋ ಎಂಬುದೂ ಮುಖ್ಯ, ಏಕೆಂದರೆ ಹೋಗುವಾಗ ಬಾಂಬುಗಳು ಹೊಟ್ಟೆಯಲ್ಲೇ ಇರುತ್ತವೆ. ರೂರ್ ದಾಳಿಗಳಲ್ಲಿ ಲ್ಯಾಂಕಾಸ್ಟರ್ ಸಾಮಾನ್ಯವಾಗಿ ಹೊರುತ್ತಿದ್ದದ್ದು 4,000 ಪೌಂಡಿನ ಒಂದು ಸ್ಫೋಟಕ ಬಾಂಬು, ಜೊತೆಗೆ ರಾಶಿ ಬೆಂಕಿಬಾಂಬುಗಳು. ಹಳ್ಳಿಯ ವಾಯುರಕ್ಷಣಾ ದಳ ಮರುದಿನ ಬೆಳಗ್ಗೆ ಬರೆದ ವರದಿಯ ಪ್ರಕಾರ ವಿಮಾನ ಬಿದ್ದದ್ದು ರಾತ್ರಿ 1 ಗಂಟೆ 10 ನಿಮಿಷಕ್ಕೆ. ದಾಳಿ ಶುರುವಾಗಬೇಕಿದ್ದದ್ದು ಅದಾದ ಮೇಲೆ. ಆದರೆ ಎರಡೂ ದೇಶಗಳ ಗಡಿಯಾರ ಒಂದೇ ಹೊತ್ತು ತೋರಿಸುತ್ತಿತ್ತೇ? 1943ರ ಜೂನಿನಲ್ಲಿ ಬ್ರಿಟನ್ ಡಬಲ್ ಸಮ್ಮರ್ ಟೈಮ್‌ನಲ್ಲಿತ್ತು, ಜರ್ಮನ್ ಹಿಡಿತದ ನೆದರ್ಲೆಂಡ್ಸ್ ಜರ್ಮನ್ ಬೇಸಿಗೆ ಸಮಯದಲ್ಲಿತ್ತು. ಎರಡೂ ಗ್ರೀನಿಚ್‌ಗಿಂತ ಎರಡು ಗಂಟೆ ಮುಂದೆ. ಹಾಗಾಗಿ ಹೋಲಿಕೆ ನೇರವಾಗಿತ್ತು. ಅದೇ ವರ್ಷ ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಆರಂಭದವರೆಗಿನ ದಾಳಿಯಾಗಿದ್ದರೆ ಒಂದು ಗಂಟೆ ವ್ಯತ್ಯಾಸ ಹಿಡಿಯಬೇಕಾಗುತ್ತಿತ್ತು.

ಅಂದರೆ ವಿಮಾನ ಬಿದ್ದದ್ದು ಹೋಗುವಾಗ, ಬಾಂಬು ಸಮೇತ. ವರದಿಯಲ್ಲಿ ಅವಶೇಷಗಳು ಮೂರು ಕಡೆ ಚೆಲ್ಲಿದ್ದವು ಎಂದಿತ್ತು: ಬಾಲದ ಭಾಗ ಒಂದು ಕಡೆ, ಒಂದು ರೆಕ್ಕೆ ಇನ್ನೊಂದು ಕಡೆ, ಉಳಿದದ್ದು ಒಂದು ಕಿಲೊಮೀಟರ್ ಆಚೆ. ವಿಮಾನ ಗಾಳಿಯಲ್ಲೇ ಒಡೆದಿತ್ತು. ಒಡೆದ ವಿಮಾನವನ್ನು ಶಾಲೆಯಿಂದ ಆಚೆಗೆ ತಿರುಗಿಸಲು ಯಾವ ಪೈಲಟ್‌ಗೂ ಆಗುವುದಿಲ್ಲ.

ಈ ಕಥೆಯನ್ನು ಫಲಕದಿಂದ ತೆಗೆಯುವುದೇ ಹಳ್ಳಿಯಲ್ಲಿ ಅತಿ ಕಷ್ಟವಾದ ಮಾತುಕತೆ. ಬಾಂಬರ್ ಬಿದ್ದ ಊರುಗಳಲ್ಲಿ ಮತ್ತೆ ಮತ್ತೆ ಕೇಳುವ ಕಥೆ ಇದು, ಕೆಲವು ಕಡೆ ನಿಜವೂ ಹೌದು. ಇಲ್ಲಿ ಅದನ್ನು ಹೇಳುತ್ತಿದ್ದ ಹಿರಿಯರು ತಮ್ಮ ತಂದೆಯ ಬಾಯಿಂದ ಕೇಳಿದವರು. ಅವರ ಮಾತನ್ನು ತಳ್ಳಿಹಾಕಲಿಲ್ಲ. ದನಿ ಮುದ್ರಿಸಿಕೊಂಡು, ಯಾರಿಂದ ಕೇಳಿದ್ದು, ಆಗ ಎಷ್ಟು ವಯಸ್ಸು ಎಂದೆಲ್ಲ ಬರೆದು, ಪುರಸಭೆಯ ದಾಖಲಾಲಯದಲ್ಲಿ ಇಡಲಾಯಿತು. ಫಲಕದ ಮೇಲೆ ಮಾತ್ರ ಅದು ಬರಲಿಲ್ಲ. ತಂಡದಲ್ಲಿ ಬದುಕುಳಿದ ಒಬ್ಬನೇ ಒಬ್ಬ, ಗುರಿ ನೋಡಿ ಬಾಂಬು ಬಿಡುವ ಬಾಂಬ್ ಏಮರ್, ಕೊಟ್ಟಿದ್ದ ಹೇಳಿಕೆಯಲ್ಲಿ ಇದಕ್ಕಿಂತ ಕಡಿಮೆಯಲ್ಲದ ಒಂದು ಸಂಗತಿ ಇತ್ತು: ಎಡ ರೆಕ್ಕೆಗೆ ಬೆಂಕಿ ಹತ್ತಿದ ಮೇಲೆ ಪೈಲಟ್ ಎಲ್ಲರಿಗೂ ಹಾರಲು ಹೇಳಿ ತಾನು ವಿಮಾನವನ್ನು ನೆಟ್ಟಗೆ ಹಿಡಿದುಕೊಂಡಿದ್ದ, ಇಂಟರ್‌ಕಾಮ್‌ನಲ್ಲಿ ಮಿಡ್-ಅಪ್ಪರ್ ಗನ್ನರ್ ‘ಸರಿ’ ಎಂದು ಉತ್ತರ ಕೊಟ್ಟದ್ದು ಕೇಳಿಸಿತ್ತು. ಇದಕ್ಕೆ ಕಾಗದವಿತ್ತು. ಇದೇ ಫಲಕಕ್ಕೆ ಹೋಯಿತು.

ಮೂರನೇ ತಿರುವು: ಕಲ್ಲಿನ ಮೇಲೆ ಹೆಸರು ಬರಲಿಲ್ಲ

ಎಂಟು ಮಂದಿಯಲ್ಲಿ ಒಬ್ಬ ಬದುಕಿ ಯುದ್ಧಕೈದಿಯಾದ. ಆರು ಮಂದಿಗೆ ಸಮಾಧಿ ಇದೆ; ಅದರಲ್ಲಿ ಐದು ಕಲ್ಲುಗಳು ಒಂದಕ್ಕೊಂದು ತಾಗಿ ನಿಂತಿವೆ. ಹಾಗೆ ತಾಗಿ ನಿಂತಿದ್ದರೆ ಸಾಮಾನ್ಯವಾಗಿ ದೇಹಗಳನ್ನು ಬೇರ್ಪಡಿಸಲಾಗದೆ ಒಟ್ಟಿಗೆ ಹೂಳಿದ್ದಾರೆ ಎಂದರ್ಥ. ಹಿಂಬದಿಯ ಗನ್ನರ್ ಬಾಲದ ಭಾಗದ ಜೊತೆ ಬೇರೆ ಬಿದ್ದಿದ್ದರಿಂದ ಅವನಿಗೆ ಪ್ರತ್ಯೇಕ ಸಮಾಧಿ. ಈ ಹುಡುಗ ಮಾತ್ರ ಸಿಗಲಿಲ್ಲ. ಅವನ ಹೆಸರಿರುವುದು ಥೇಮ್ಸ್ ಮೇಲಿನ ಗುಡ್ಡದಲ್ಲಿರುವ ರನ್ನಿಮೀಡ್ ವಾಯುಪಡೆ ಸ್ಮಾರಕದಲ್ಲಿ. 1953ರಲ್ಲಿ ಅನಾವರಣವಾದ ಆ ಸ್ಮಾರಕದಲ್ಲಿ ಬ್ರಿಟನ್ನಿನಿಂದ ಮತ್ತು ಯುರೋಪಿನಿಂದ ಹಾರಿ, ಸಮಾಧಿ ಎಲ್ಲಿದೆಯೆಂದು ತಿಳಿಯದ 20,000ಕ್ಕೂ ಹೆಚ್ಚು ಮಂದಿಯ ಹೆಸರಿದೆ. (ಆಗ್ನೇಯ ಏಷ್ಯಾದಲ್ಲಿ ಹಾಗೆ ಕಾಣೆಯಾದವರಿಗೆ, ಭಾರತೀಯ ವಾಯುಪಡೆಯವರೂ ಸೇರಿ, ಸಿಂಗಪುರ ಸ್ಮಾರಕ ಇದೆ. ನಮ್ಮ ಕಡೆಯವರನ್ನು ಹುಡುಕುವವರು ಅಲ್ಲಿಂದ ಶುರುಮಾಡಬೇಕು.)

ಹೆಸರಿಲ್ಲದ ಕಲ್ಲು ಈ ಹುಡುಗನದೇ ಎಂದು ತೋರಿಸಲು ಕಮಿಷನ್‌ಗೆ ಅರ್ಜಿ ಹಾಕಲಾಯಿತು. ಕ್ರಮ ಹೀಗಿದೆ: ಸಾಕ್ಷ್ಯವನ್ನೆಲ್ಲ ಬರವಣಿಗೆಯಲ್ಲಿ, ಮೂಲ ಕಾಗದದ ಪ್ರತಿಗಳೊಂದಿಗೆ ಕೊಡಬೇಕು. ಕಮಿಷನ್ ಮೊದಲು ತನ್ನ ಕಡತಗಳೊಂದಿಗೆ ಹೋಲಿಸುತ್ತದೆ, ನಂತರ ಬ್ರಿಟನ್ನಿನ ರಕ್ಷಣಾ ಸಚಿವಾಲಯದ ಕಡೆಯವರು ತೀರ್ಮಾನಿಸುತ್ತಾರೆ. ಸಾಕ್ಷ್ಯ ಸ್ಪಷ್ಟವಾಗಿರಬೇಕು, ಮನವರಿಕೆ ಮಾಡುವಂತಿರಬೇಕು, ‘ಬಹುಶಃ’ ಸಾಲದು. ಬೇರೆ ಯಾರೂ ಆಗಿರಲು ಸಾಧ್ಯವಿಲ್ಲ ಎಂಬಲ್ಲಿಗೆ ಮುಟ್ಟಬೇಕು. ಒಮ್ಮೆ ಹೂಳಿದವರನ್ನು ಗುರುತಿಗಾಗಿ ಹೊರತೆಗೆದು ಡಿಎನ್‌ಎ ಪರೀಕ್ಷೆ ಮಾಡಿಸುವ ಪದ್ಧತಿ ಬ್ರಿಟನ್ನಿನಲ್ಲಿಲ್ಲ. ಹಾಗಾಗಿ ಹಳೆಯ ಕಾಗದಗಳೇ ಗತಿ.

ನಿರ್ಣಾಯಕ ಕಾಗದ 1947ರದು. ಯುದ್ಧದ ನಂತರ ಮಿಸ್ಸಿಂಗ್ ರಿಸರ್ಚ್ ಅಂಡ್ ಎನ್‌ಕ್ವೈರಿ ಸರ್ವಿಸ್ ಎಂಬ ವಾಯುಪಡೆಯ ತಂಡ ಯುರೋಪಿನ ಊರೂರು ತಿರುಗಿ, ಕಾಣೆಯಾದ ಸಿಬ್ಬಂದಿಯ ಸಮಾಧಿಗಳನ್ನು ಅಗೆದು ಗುರುತು ಹಚ್ಚುತ್ತಿತ್ತು. ಬ್ರಿಟಿಷ್ ಗುರುತಿನ ಬಿಲ್ಲೆಗಳು ನಾರಿನವು. ಬೆಂಕಿಯಲ್ಲಿ, ಹಸಿ ಮಣ್ಣಿನಲ್ಲಿ ನಿಲ್ಲುತ್ತಿರಲಿಲ್ಲ. ಹಾಗಾಗಿ ಅವರು ನೋಡುತ್ತಿದ್ದದ್ದು ಕಾಲರಿನ ಮೇಲಿನ ದೋಬಿ ಗುರುತು, ತೋಳಿನ ಪಟ್ಟಿ, ಎದೆಯ ರೆಕ್ಕೆ, ಬೂಟು, ಹಲ್ಲು. ಈ ಸಮಾಧಿಯ ವರದಿಯಲ್ಲಿ ಇದ್ದದ್ದು ಇಷ್ಟು: ಸಾರ್ಜೆಂಟ್ ಪಟ್ಟಿ, ಗನ್ನರ್ ರೆಕ್ಕೆ, ಓದಲಾಗದ ದೋಬಿ ಗುರುತು. ದೇಹ ಸಿಕ್ಕಿದ್ದು ದಿನಗಳ ನಂತರ, ಎರಡು ವಿಮಾನಗಳು ಬಿದ್ದ ಜಾಗಗಳ ನಡುವಿನ ರೈ ಧಾನ್ಯದ ಪೈರಿನಲ್ಲಿ.

ಪೂರ್ವದ ವಿಮಾನದ ಸಿಬ್ಬಂದಿ ಪಟ್ಟಿ ತೆಗೆದಾಗ ಅದರಲ್ಲೂ ಒಬ್ಬ ಗನ್ನರ್ ಸಿಕ್ಕಿರಲಿಲ್ಲ. ಅವನೂ ಸಾರ್ಜೆಂಟ್. ಅವನ ಹೆಸರೂ ರನ್ನಿಮೀಡ್‌ನಲ್ಲೇ ಇದೆ. ಒಂದು ಸಮಾಧಿ, ಇಬ್ಬರು ಹುಡುಗರು. ಅರ್ಜಿ ತಿರಸ್ಕೃತವಾಯಿತು, ಆಗಲೇಬೇಕಿತ್ತು.

ಇಲ್ಲಿ ಸಮಿತಿ ಒಡೆಯುವ ಹಂತಕ್ಕೆ ಬಂತು. ಕಮಿಷನ್‌ನ ಕಲ್ಲನ್ನು ಮುಟ್ಟದೆ, ಅದರ ಮುಂದೆ ನೆಲದಲ್ಲಿ ಚಿಕ್ಕ ತಗಡು ಹಾಕಿ ‘ಇದು ಇಂಥವನದೆಂದು ನಂಬಲಾಗಿದೆ’ ಎಂದು ಬರೆಯೋಣ ಎಂದರು ಕೆಲವರು. ಕಮಿಷನ್ ಅದಕ್ಕೆ ಒಪ್ಪುವುದಿಲ್ಲ ಎಂಬುದು ಒಂದು ಕಾರಣ. ಆದರೆ ಮಾತು ನಿಲ್ಲಿಸಿದ್ದು ಬೇರೆ ವಿಷಯ. ಎರಡನೇ ಗನ್ನರ್‌ನ ಮನೆಯವರನ್ನು ಯಾರೂ ಇದುವರೆಗೆ ಹುಡುಕಿರಲಿಲ್ಲ. ಹುಡುಕಿದಾಗ ಅವನ ಸೋದರ ಸೊಸೆ ಸಿಕ್ಕರು. ಇಂಥದೊಂದು ಸಮಾಧಿ ಇದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಎಷ್ಟೋ ವರ್ಷದಿಂದ ಬೇರೆ ಹುಡುಗನ ಹೆಸರಿನಲ್ಲಿ ಹೂವಿಟ್ಟ ಜಾಗದಲ್ಲಿ ತಮ್ಮ ಮನೆಯವನು ಮಲಗಿರಬಹುದು ಎಂದು ಕೇಳಿದ ಮೇಲೆ ಅವರು ಕೇಳಿದ್ದು ಒಂದೇ: ಇನ್ನು ಮುಂದೆ ಎರಡು ಹೆಸರನ್ನೂ ಓದಬಹುದೇ? ಈ ಹುಡುಗನ ತಮ್ಮನ ಮಗ ಅದಕ್ಕೆ ಕೂಡಲೇ ಒಪ್ಪಿದರು. ತಗಡಿನ ಮಾತು ಅಲ್ಲಿಗೆ ನಿಂತಿತು.

ಫಲಕ: ಜಾಗ, ಬರಹ, ಬುನಾದಿ

ಫಲಕ ಪಶ್ಚಿಮದ ಹೊಲಕ್ಕೆ ಹೋಗಬೇಕಿತ್ತು. ಆದರೆ ಬಾಂಬು ಹೊತ್ತು ಬಿದ್ದ ವಿಮಾನದ ನೆಲದಲ್ಲಿ ಬುನಾದಿ ತೋಡುವಂತಿಲ್ಲ. ಲೋಹಶೋಧಕ ಹಿಡಿದು ಬಂದ ಕೆಲವರು ‘ಒಂದೆರಡು ತುಂಡು ತೆಗೆದು ಫಲಕದ ಜೊತೆ ಪ್ರದರ್ಶಿಸೋಣ’ ಎಂದಿದ್ದರು. ಇದು ಎಲ್ಲ ದೃಷ್ಟಿಯಿಂದಲೂ ಅಪಾಯ: ಸಿಡಿಯದ ಮದ್ದುಗುಂಡು, ಮಾನವ ಅವಶೇಷ ಇರುವ ಸಂಭವ, ಕಾನೂನು. ಬ್ರಿಟನ್ನಿನ ನೆಲದಲ್ಲಾದರೆ 1986ರ ಮಿಲಿಟರಿ ಅವಶೇಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮುಟ್ಟುವಂತಿಲ್ಲ. ನೆದರ್ಲೆಂಡ್ಸ್‌ನಲ್ಲಿ ವಿಮಾನ ಎತ್ತುವುದು ಪುರಸಭೆ ಮತ್ತು ಸೇನೆಯ ಕೆಲಸ. ಸಿಬ್ಬಂದಿ ಒಳಗೇ ಇರಬಹುದೆಂಬ ಅವಶೇಷಗಳಿಗಾಗಿ ಅಲ್ಲಿ ರಾಷ್ಟ್ರೀಯ ಕಾರ್ಯಕ್ರಮವೇ ಇದೆ. ಫಲಕವನ್ನು ಹೊಲದಿಂದ ನಾನೂರು ಮೀಟರ್ ಆಚೆ, ಮೊದಲೇ ಅಗೆದು ಸರಿಪಡಿಸಿದ್ದ ಸೈಕಲ್ ದಾರಿಯ ಅಂಚಿಗೆ ತಂದರು. ಅಲ್ಲಿಂದ ಹೊಲ ಪೂರ್ತಿ ಕಾಣುತ್ತದೆ, ಗಾಲಿಕುರ್ಚಿಯವರೂ ಬರಬಹುದು, ಬೆಳೆಗೆ ತೊಂದರೆಯಿಲ್ಲ.

ಬುನಾದಿಯ ಆಳ 80 ಸೆಂಟಿಮೀಟರ್. ಇದಕ್ಕಿಂತ ಮೇಲೆ ನಿಲ್ಲಿಸಿದರೆ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಕಂಬ ವಾಲುತ್ತದೆ. ಹಲಗೆಗೆ ಮೊದಲು ಯೋಚಿಸಿದ್ದು ಅಲ್ಯೂಮಿನಿಯಂ ಮೇಲೆ ಅಂಟಿಸಿದ ಮುದ್ರಣ. ಅಗ್ಗ, ಆದರೆ ಬಿಸಿಲಿಗೆ ಕೆಂಪು ಬಣ್ಣ ಮೊದಲು ಹಾರಿ ಫೋಟೊಗಳು ನೀಲಿಗಟ್ಟುತ್ತವೆ. ಕೊನೆಗೆ ಉಕ್ಕಿನ ಮೇಲೆ ಸುಟ್ಟ ಎನಾಮೆಲ್ ಆಯಿತು. ಬರಹ ಡಚ್ಚಿನಲ್ಲಿ ಮತ್ತು ಇಂಗ್ಲಿಷಿನಲ್ಲಿ, ಒಂದೊಂದು ಭಾಷೆಗೆ ನೂರೈವತ್ತು ಪದದ ಮಿತಿ. ಆ ಮಿತಿಯೇ ಎಷ್ಟೋ ಜಗಳ ತೀರಿಸಿತು. ವಿಮಾನವನ್ನು ಹೊಡೆದ ಜರ್ಮನ್ ಪೈಲಟ್‌ನ ಹೆಸರು ಬಿಟ್ಟರು. ಅದೇ ಹೊತ್ತಿನಲ್ಲಿ ಅದೇ ಪ್ರದೇಶದಲ್ಲಿ ಇಬ್ಬರು ಹೊಡೆದೆವೆಂದು ಹೇಳಿಕೊಂಡಿದ್ದರು. ಸ್ಕ್ವಾಡ್ರನ್ ಲಾಂಛನ ಹಾಕಲು ರಕ್ಷಣಾ ಸಚಿವಾಲಯದ ಅನುಮತಿ ಬೇಕು, ಅದಕ್ಕೆ ಮೊದಲೇ ಬರೆಯಬೇಕು. ಲಾಂಛನಗಳು ಯುದ್ಧಕಾಲದ ಸಂಬಂಧಗಳನ್ನು ಹೇಳುತ್ತವೆ. ಮೈಸೂರು ಸಂಸ್ಥಾನದ ಹೆಸರು ಹೊತ್ತ 129ನೇ ಫೈಟರ್ ಸ್ಕ್ವಾಡ್ರನ್ನಿನ ಲಾಂಛನದಲ್ಲಿ ಗಂಡಭೇರುಂಡ ಇತ್ತು. ಅಂಥದನ್ನು ಯಾವುದೋ ಕಳಪೆ ಚಿತ್ರದಿಂದ ಎತ್ತಿ ಹಾಕಬಾರದು.

ದಾಳಿಗೊಳಗಾದ ನಗರದ ಬಗ್ಗೆ ಒಂದು ಸಾಲು ಬೇಕೇ ಎಂಬುದು ದೊಡ್ಡ ಚರ್ಚೆಯಾಯಿತು. ‘ಇದು ನಮ್ಮ ಹುಡುಗನ ಫಲಕ’ ಎಂದು ಮನೆಯವರಲ್ಲಿ ಒಬ್ಬರು ವಿರೋಧಿಸಿದರು. ಲಂಡನ್ನಿನ ಗ್ರೀನ್ ಪಾರ್ಕ್‌ನಲ್ಲಿ 2012ರ ಜೂನ್ 28ರಂದು ರಾಣಿ ಎಲಿಜಬೆತ್ ಅನಾವರಣ ಮಾಡಿದ ಬಾಂಬರ್ ಕಮಾಂಡ್ ಸ್ಮಾರಕದಲ್ಲೂ 1939–1945ರ ಬಾಂಬ್ ದಾಳಿಗಳಲ್ಲಿ ಸತ್ತ ಎಲ್ಲ ದೇಶದವರನ್ನು ನೆನೆಯುವ ಸಾಲಿದೆ ಎಂದು ತೋರಿಸಿದ ಮೇಲೆ ಮಾತು ಮುಂದುವರಿಯಿತು. ಆ ರಾತ್ರಿ ಆ ನಗರದಲ್ಲಿ ಸತ್ತವರ ಸಂಖ್ಯೆಯನ್ನು ನಗರದ ದಾಖಲಾಲಯದಿಂದಲೇ ಪಡೆದು ಫಲಕದ ಕೊನೆಯಲ್ಲಿ ಒಂದು ವಾಕ್ಯ ಹಾಕಲಾಯಿತು. ಇದು ಸರಿಯಾದ ನಿರ್ಧಾರ. ಹುಡುಗ ಯಾಕೆ ಆ ಆಕಾಶದಲ್ಲಿದ್ದ ಎಂಬುದನ್ನು ಮುಚ್ಚಿಟ್ಟು ಅವನನ್ನು ನೆನೆಯಲಾಗದು.

ಹುಟ್ಟೂರಿನ ಕಲ್ಲು

ಹುಟ್ಟೂರಿನ ಸ್ಮಾರಕದಲ್ಲಿ ಹೆಸರು ಬಿಟ್ಟುಹೋದದ್ದಕ್ಕೆ ಕಾರಣ ಸರಳ: ತಂದೆತಾಯಿ ಯುದ್ಧದ ನಡುವೆ ಬೇರೆ ಊರಿಗೆ ಹೋಗಿದ್ದರು, ಹೆಸರು ಸಂಗ್ರಹಿಸುವಾಗ ಕೊಡಲು ಯಾರೂ ಇರಲಿಲ್ಲ. ಶಾಲೆಯ ದಾಖಲೆ ಮತ್ತು ಜನನ ಪ್ರಮಾಣಪತ್ರ ತೋರಿಸಿ ಅದನ್ನು ಸಾಬೀತು ಮಾಡಲಾಯಿತು. ಸ್ಮಾರಕ ಚರ್ಚ್ ಅಂಗಳದಲ್ಲಿರುವುದರಿಂದ ಚರ್ಚ್ ಆಫ್ ಇಂಗ್ಲೆಂಡ್‌ನ ‘ಫ್ಯಾಕಲ್ಟಿ’ ಎಂಬ ಅನುಮತಿ ಬೇಕಾಯಿತು. ಡಯಾಸಿಸ್‌ನ (ಬಿಷಪ್‌ರ ಆಡಳಿತ ಪ್ರಾಂತ್ಯದ) ಸಲಹಾ ಸಮಿತಿ ನಕ್ಷೆ, ಅಕ್ಷರದ ಅಳತೆ, ಕಲ್ಲಿನ ಬಗೆ ಎಲ್ಲವನ್ನೂ ಕೇಳುತ್ತದೆ. ಅನಾವರಣದ ದಿನ ಗೊತ್ತುಮಾಡಿಕೊಂಡು ಆಮೇಲೆ ಅರ್ಜಿ ಹಾಕುವವರು ಇಲ್ಲೇ ಸಿಕ್ಕಿಬೀಳುತ್ತಾರೆ. ಅನುಮತಿ ಕೈಗೆ ಬಂದ ಮೇಲೆಯೇ ಆಮಂತ್ರಣ ಅಚ್ಚು ಮಾಡಿಸಬೇಕು.

ಹಳೆಯ ಕಲ್ಲಿನಲ್ಲೇ ಕೆತ್ತಲು ಜಾಗವಿರಲಿಲ್ಲ. ಪಕ್ಕದ ಗೋಡೆಗೆ ವೆಲ್ಷ್ ಸ್ಲೇಟಿನ ಚಿಕ್ಕ ಹಲಗೆ ಹಾಕಲಾಯಿತು. ಕಂಚು ಬೇಡವೆಂದದ್ದು ಕಳ್ಳರ ಭಯಕ್ಕೆ. ಸ್ಲೇಟು ನುಣುಪು, ನೀರು ಹೀರುವುದಿಲ್ಲ, ಕೈಯಿಂದ ಕೆತ್ತಿದ ಅಕ್ಷರದ ಅಂಚು ಬಹುಕಾಲ ಮಸುಕಾಗುವುದಿಲ್ಲ. ಅಕ್ಷರದ ಎತ್ತರ 25 ಮಿಲಿಮೀಟರ್. ಎರಡು ಮೀಟರ್ ದೂರದಿಂದ ವಯಸ್ಸಾದವರೂ ಓದಬಹುದು. ಹಿಂದೆ ಹಿಡಿಸಿದ ಗೂಟಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಕಬ್ಬಿಣ ಹಾಕಿದರೆ ತುಕ್ಕು ಹಿಡಿದು ಉಬ್ಬಿ ಕೆಲವೇ ವರ್ಷದಲ್ಲಿ ಕಲ್ಲನ್ನು ಸೀಳುತ್ತದೆ. ಹಲಗೆ ಮತ್ತು ಗೋಡೆಯ ನಡುವೆ 10 ಮಿಲಿಮೀಟರ್ ಸಂದು ಬಿಟ್ಟರು, ತೇವ ಒಳಗೆ ನಿಲ್ಲದಿರಲಿ ಎಂದು. ಹಳೆಯ ಗೋಡೆಯ ಸಂದುಗಳಿಗೆ ಸಿಮೆಂಟ್ ಬದಲು ಸುಣ್ಣದ ಗಾರೆ.

ಅನಾವರಣ

ನೆದರ್ಲೆಂಡ್ಸ್‌ನಲ್ಲಿ ಮೇ 4ರ ರಾತ್ರಿ ಎಂಟಕ್ಕೆ ಇಡೀ ದೇಶ ಎರಡು ನಿಮಿಷ ಮೌನ ನಿಲ್ಲುತ್ತದೆ. ಅದೇ ದಿನ ಮಾಡಬೇಕೆಂಬ ಸಲಹೆ ಬಂದಿತ್ತು. ಊರಿನ ಯಹೂದಿಗಳು, ಪ್ರತಿರೋಧ ಹೋರಾಟಗಾರರು ಎಲ್ಲರನ್ನೂ ನೆನೆಯುವ ದಿನವನ್ನು ಒಂದು ವಿಮಾನಕ್ಕೆ ಮೀಸಲಿಡುವುದು ಬೇಡವೆಂದು ವಿಮಾನ ಬಿದ್ದ ದಿನದ ಸಂಜೆಯನ್ನೇ ಆರಿಸಿದರು. ಹೆಸರುಗಳನ್ನು ದರ್ಜೆಯ ಕ್ರಮದಲ್ಲಿ ಓದದೆ ಅಕಾರಾದಿಯಾಗಿ ಓದಲಾಯಿತು. ಅಧಿಕಾರಿ, ಸಾರ್ಜೆಂಟ್ ಎಂಬ ಭೇದ ಸತ್ತವರಲ್ಲಿ ಬೇಡವೆಂಬುದು ಕಮಿಷನ್ ಮೊದಲಿನಿಂದ ಪಾಲಿಸಿಕೊಂಡು ಬಂದ ನಿಯಮ. ಎರಡನೇ ಪೈಲಟ್‌ನ ಹೆಸರು ಮೊದಲ ಬಾರಿಗೆ ತನ್ನ ಜೊತೆಗಾರರ ನಡುವೆ ಬಂತು. ಬದುಕುಳಿದ ಬಾಂಬ್ ಏಮರ್‌ನ ಹೆಸರನ್ನು ಅವನ ಮಗಳ ಒಪ್ಪಿಗೆ ಪಡೆದು ಬೇರೆಯಾಗಿ ಓದಿದರು. ಹೆಸರಿಲ್ಲದ ಕಲ್ಲಿನ ಮುಂದೆ ಇಬ್ಬರು ಗನ್ನರ್‌ಗಳ ಹೆಸರನ್ನು ಇಬ್ಬರ ಮನೆಯವರೂ ಒಟ್ಟಿಗೆ ನಿಂತು ಓದಿದರು. ಯಾರ ಫೋಟೊವನ್ನೂ ಅಲ್ಲಿ ಇಡಲಿಲ್ಲ.

ಇಂಥ ಕೆಲಸಕ್ಕೆ ಇಳಿಯುವವರಿಗೆ

ಈ ಪ್ರಕರಣದಲ್ಲಿ ಹೆಚ್ಚು ಹೊತ್ತು ತಿಂದದ್ದು ಕೆತ್ತನೆಯಲ್ಲ, ಹಣವಲ್ಲ, ಕೆಲಸದ ಕ್ರಮ ತಪ್ಪಿದ್ದು. ಕಲ್ಲಿನ ಅಂಗಡಿಗೆ ಮೊದಲು ಹೋಗಿ ದಾಖಲಾಲಯಕ್ಕೆ ಆಮೇಲೆ ಹೋದರು. ಇಡೀ ಸಿಬ್ಬಂದಿ ಪಟ್ಟಿ, ಅದೇ ರಾತ್ರಿ ಹತ್ತಿರದಲ್ಲಿ ಬಿದ್ದ ಬೇರೆ ವಿಮಾನಗಳ ಪಟ್ಟಿ, ಕಾಣೆಯಾದ ಎಲ್ಲರ ಮನೆಯವರು: ಈ ಮೂರನ್ನು ಮೊದಲ ತಿಂಗಳಲ್ಲೇ ಹುಡುಕಿದ್ದರೆ ಎರಡನೇ ಗನ್ನರ್‌ನ ಸೋದರ ಸೊಸೆಗೆ ಸುದ್ದಿ ತಡವಾಗಿ, ಅದೂ ಒಂದು ತಿರಸ್ಕೃತ ಅರ್ಜಿಯ ಮೂಲಕ ಮುಟ್ಟುತ್ತಿರಲಿಲ್ಲ. ಲಿಂಕನ್ ನಗರದ ಇಂಟರ್‌ನ್ಯಾಷನಲ್ ಬಾಂಬರ್ ಕಮಾಂಡ್ ಸೆಂಟರ್‌ನ ಗೋಡೆಗಳಲ್ಲಿ ಸುಮಾರು 58,000 ಹೆಸರುಗಳಿವೆ, ಅದರ ದತ್ತಾಂಶದಲ್ಲಿ ಪ್ರತಿಯೊಬ್ಬನಿಗೂ ಒಂದು ಪುಟವಿದೆ. ಒಂದೇ ವಿಮಾನದವರನ್ನು ಅಲ್ಲಿ ಒಟ್ಟಿಗೆ ನೋಡಬಹುದು. ನೆದರ್ಲೆಂಡ್ಸ್‌ನಲ್ಲಿ ಬಿದ್ದ ವಿಮಾನಗಳಿಗೆ ಅಲ್ಲಿನ ವಾಯುಯುದ್ಧ ಅಧ್ಯಯನ ಗುಂಪಿನ ನಷ್ಟದ ಪಟ್ಟಿ ಇದೆ, ದಿನಾಂಕದ ಪ್ರಕಾರ ಜೋಡಿಸಿದ್ದು. ಈ ಎರಡರಿಂದ ಹೊರಟು ಮೂಲ ಕಾಗದಕ್ಕೆ ಹೋಗಬೇಕು, ಅಲ್ಲಿಗೇ ನಿಲ್ಲಬಾರದು.

ಮನೆಯವರ ಮಾತನ್ನು ತಪ್ಪೆಂದು ಹೇಳುವಾಗ ಕಾಗದವನ್ನು ಅವರ ಕೈಗೇ ಕೊಡುವುದು ಒಳ್ಳೆಯದು. ಐದನೇ ಹಾರಾಟದ ಸುದ್ದಿಯನ್ನು ಸಭೆಯಲ್ಲಿ ಘೋಷಿಸದೆ, 541 ನಮೂನೆಯ ಪ್ರತಿಗಳನ್ನು ತಮ್ಮನ ಮಗನಿಗೆ ಕಳಿಸಿ, ಅವರೇ ಎಣಿಸಲು ಬಿಟ್ಟರು. ತಮ್ಮವರಿಗೆ ಅವರೇ ತಿಳಿಸಿದರು.

ಫಲಕದ ನಿರ್ವಹಣೆಗೆ ಪುರಸಭೆ ಲಿಖಿತ ಒಪ್ಪಂದ ಮಾಡಿಕೊಂಡಿದೆ: ವರ್ಷಕ್ಕೆ ಎರಡು ಸಲ ತೊಳೆಯುವುದು, ಸುತ್ತ ಹುಲ್ಲು ಕತ್ತರಿಸುವುದು, ಕಂಬದ ತಿರುಪು ನೋಡುವುದು. ಸ್ಲೇಟಿನ ಹಲಗೆಗೆ ಶುದ್ಧ ನೀರು ಮತ್ತು ಮೆತ್ತಗಿನ ಬ್ರಷ್ ಮಾತ್ರ. ಬ್ಲೀಚ್, ತಂತಿ ಬ್ರಷ್, ಒತ್ತಡದ ನೀರು ಬೇಡವೆಂದು ಚರ್ಚ್‌ನ ಕಡತದಲ್ಲಿ ಬರೆದಿಡಲಾಗಿದೆ. ಸ್ಮಶಾನದ ಕಲ್ಲುಗಳನ್ನು ಕಮಿಷನ್ ನೋಡಿಕೊಳ್ಳುತ್ತದೆ, ಬೇರೆಯವರು ಉಜ್ಜಬಾರದು. ಅರ್ಜಿಯ ಕಾಗದಗಳೆಲ್ಲ ಕಮಿಷನ್ ಬಳಿ ಇವೆ. ಪೂರ್ವದ ವಿಮಾನದ ಬ್ರಿಟಿಷ್ ಕಡತ ಸಾರ್ವಜನಿಕರಿಗೆ ತೆರೆದಾಗ ಎರಡೂ ಕುಟುಂಬಗಳು ಸೇರಿ ಒಂದೇ ಅರ್ಜಿ ಹಾಕುವುದಾಗಿ ಒಪ್ಪಿಕೊಂಡಿವೆ.